ಬಣ್ಣವಿಲ್ಲದ ಅಲೆ

ಬಣ್ಣದ ಸೀಸೆ ಫ್ರಿಜ್ಜಿನಲ್ಲೇ ಇತ್ತು. ಸುತ್ತಿದ್ದ ಬೆಳ್ಳಿ ಹಾಳೆಯನ್ನು ಬಿಚ್ಚಿಯೂ ಇರಲಿಲ್ಲ. ಸಂಶೋಧನಾ ವಿದ್ಯಾರ್ಥಿನಿ ಚಿಜುರು ಅದನ್ನು ಕೈಗೆತ್ತಿಕೊಂಡಳು. ಹಾಗಾದರೆ ಬೆಳಿಗ್ಗೆ ಲ್ಯಾಬಿನ ಮಬ್ಬುಗತ್ತಲಲ್ಲಿ ಇಲಿಯ ಮಿದುಳಿಗೆ ತಾನು ಹನಿಸಿದ್ದು ಬರೀ ಉಪ್ಪುನೀರು. ತಿರುಗಿ ಪರದೆ ನೋಡಿದಳು. ಅರಿವಳಿಕೆಯಲ್ಲಿ ಮಲಗಿದ್ದ ಇಲಿಯ ಮಿದುಳಿನ ಮೇಲೆ ಅಲೆ ಎಂದಿನಂತೆ ಏಳುತ್ತಿತ್ತು, ಬೀಳುತ್ತಿತ್ತು.

ಬಣ್ಣವಿಲ್ಲದೆ ಏಳಕೂಡದು. ನರಕೋಶಗಳಿಗೆ ಅಂಟಿದ ಬಣ್ಣ, ಅವುಗಳಲ್ಲಿ ವಿದ್ಯುತ್ತು ಮಿಡಿದಾಗಲೆಲ್ಲ ಹೊಳಪು ಬದಲಿಸುತ್ತದೆ. ಕ್ಯಾಮೆರಾ ಹಿಡಿಯುವುದು ಅದನ್ನೇ. ಅರಿವು ತಪ್ಪಿದ ಮಿದುಳಿನಲ್ಲೂ ಅಲೆ ಕಂಡ ಲ್ಯಾಬಿನ ಮುಖ್ಯಸ್ಥ ಕುವಾಬಾರಾ ಮೇಷ್ಟ್ರು ಅದಕ್ಕೆ ‘ನಿರೀಕ್ಷೆಯ ಅಲೆ’ ಎಂದು ಹೆಸರಿಟ್ಟಿದ್ದರು. ಹಾಗೆ ಮಲಗಿದವರು ಒಳಗೊಳಗೇ ನಮಗಾಗಿ ಕಾಯುತ್ತಿರುತ್ತಾರೆ ಎಂಬುದು ಅವರ ವಾದ. ವಾದವೇನು ಬಂತು, ಬದುಕೇ ಅದು. ಅವರ ಹೆಂಡತಿ ಫುಮಿಯೆ ಸೆಂಡೈನ ಆಸ್ಪತ್ರೆಯಲ್ಲಿ ವರ್ಷಗಳಿಂದ ಕಣ್ಣು ಬಿಡದೆ ಮಲಗಿದ್ದರು. ಮೇಷ್ಟ್ರು ದಿನಾ ಸಂಜೆ ಪಕ್ಕದಲ್ಲಿ ಕೂತು, ಮೂಲಂಗಿಯ ಬೆಲೆಯಿಂದ ಹಿಡಿದು ಲ್ಯಾಬಿನ ಜಗಳದವರೆಗೆ ಎಲ್ಲ ವರದಿ ಒಪ್ಪಿಸಿ ಬರುತ್ತಿದ್ದರು.

"ಏನಮ್ಮಾ, ಸೀಸೆ ಹಿಡ್ಕೊಂಡು ಕಲ್ಲಾಗ್ಬಿಟ್ಟಿದ್ದೀಯ?" ಒಳಗೆ ಬಂದ ಮೇಷ್ಟ್ರು ನಕ್ಕರು.

ಮುಚ್ಚಿಡಬಹುದಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. "ಮೇಷ್ಟ್ರೇ, ಇವತ್ತು ಬಣ್ಣಾನೇ ಹಾಕಿಲ್ಲ ನಾನು. ಆದ್ರೂ ಅಲೆ ಬರ್ತಿದೆ."

ನಗು ಹಾಗೇ ನಿಂತಿತು. "ಹಾಗಾದ್ರೆ ಅದೇನು?"

"ರಕ್ತ ಇರ್ಬೇಕು. ಎದೆ ಬಡಿದ ಹಾಗೆಲ್ಲ ಮಿದುಳು ಉಬ್ಬಿ ಇಳಿಯುತ್ತಲ್ಲ, ಅದು."

"ಅದನ್ನ ಕಳೆದೇ ಲೆಕ್ಕ ಹಾಕ್ತೀವಲ್ಲ."

"ಸರಿಯಾಗಿ ಕಳೆದಿಲ್ಲ ಅನ್ಸುತ್ತೆ. ಮೊದಲಿಂದಲೂ."

ಮೇಷ್ಟ್ರು ತಾವೇ ಸಿರಿಂಜ್ ತೆಗೆದುಕೊಂಡು ಇಲಿಗೆ ಅರಿವಳಿಕೆ ಮದ್ದನ್ನು ಮಿತಿಮೀರಿ ಕೊಟ್ಟರು. ಎದೆಬಡಿತ ನಿಧಾನವಾಯಿತು, ಒಂದೊಂದು ಬಡಿತಕ್ಕೆ ಒಂದೊಂದು ಅಲೆ. ಬಡಿತ ನಿಂತಿತು, ಅಲೆಯೂ ನಿಂತಿತು. ಇಷ್ಟು ಕಾಲ ಅಲ್ಲಿ ಯಾರೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ.

ಮೇಷ್ಟ್ರು ಕ್ಯಾಮೆರಾದ ದೀಪ ಆರಿಸಿದರು. ಇಲಿಯ ಮೇಲೆ ಬಟ್ಟೆ ಹೊದಿಸಿ ಕೈಮುಗಿದರು. ಆಮೇಲೆ ಕೋಟು ತೊಟ್ಟರು. ಆಸ್ಪತ್ರೆಯ ಬಸ್ಸಿನ ಹೊತ್ತಾಗಿತ್ತು.

"ಇವತ್ತೂ ಹೋಗ್ತೀರಾ?" ಕೇಳಬಾರದಿತ್ತು, ಬಾಯಿ ಜಾರಿತು.

ಬಾಗಿಲ ಬಳಿ ಬೂಟಿನ ಲೇಸ್ ಕಟ್ಟುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. "ಭಾನುವಾರ ಆಸ್ಪತ್ರೆಗೆ ನೋಡೋಕೆ ಬರ್ತೀಯಲ್ಲ, ಅವಳ ಮುಂದೆ ಈ ವಿಷಯ ಎತ್ತಬೇಡಮ್ಮ. ನೊಂದ್ಕೋತಾಳೆ."