ಮೇನ್ ಸ್ವಿಚ್ಚಿನ ಕೆಳಗೆ

ಈಗ ನನ್ನವಾಗಿರುವ ನಾಲ್ಕು ಮಗ್ಗಗಳು ಕರೆಂಟು ಹೋಗಿ ಒಟ್ಟಿಗೆ ನಿಂತಾಗ ಬಿಸಿ ಎಣ್ಣೆಯ ವಾಸನೆ ಏಳುತ್ತದೆ, ಅಕ್ಕನ ಆ ಮಧ್ಯಾಹ್ನ ನೆನಪಾಗುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಸದ್ದಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಅಪ್ಪ ತುಟಿ ನೋಡಿಯೇ ಎಲ್ಲ ತಿಳಿಯುತ್ತಿದ್ದ, ನಮಗೂ ಅದು ರೂಢಿಯಾಗಿತ್ತು. ಅಂದು ಅಕ್ಕ ಎದುರು ನಿಂತು ಕೂಗಿದಳು:

"ಅಪ್ಪಾ, ನಾನು ಕಾಲೇಜಿಗೆ ಹೋಗಲ್ಲ. ಸೀರೆ ನೇಯ್ತೀನಿ."

"ಏನಮ್ಮಾ? ಈ ಸದ್ದಲ್ಲಿ ಏನ್ ಕೇಳ್ಸುತ್ತೆ? ಆಮೇಲೆ ಹೇಳು."

"ಮೂರು ದಿನದಿಂದ ಆಮೇಲೆ ಅಂತಾನೇ ಇದೀಯ!"

ನೂಲು ಸುತ್ತುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. ಅಕ್ಕ ಸಿಡುಕಿನಿಂದ ನನ್ನತ್ತ ತಿರುಗಿದಳು. ಮೇನ್ ಸ್ವಿಚ್ಚಿನ ಕೆಳಗೆ ನನ್ನನ್ನು ನಿಲ್ಲಿಸಿದ್ದವಳು ಅವಳೇ. "ನಾನು ನೋಡಿದ ತಕ್ಷಣ ಆಫ್ ಮಾಡ್ಬಿಡೋ. ಆಗ ಕೇಳ್ಸಲಿಲ್ಲ ಅನ್ನೋಕಾಗಲ್ಲ," ಎಂದಿದ್ದಳು.

ಕೈ ಸ್ವಿಚ್ಚಿನ ಮೇಲೇ ಇತ್ತು. ಇವಳು ಮಗ್ಗಕ್ಕೆ ಬಂದರೆ ಕಾಲೇಜಿಗೆ ಕಳಿಸಲು ನಾನೊಬ್ಬನೇ ಉಳಿಯುತ್ತೇನೆ ಎಂದು ಹೊಳೆಯಿತು. ಏಳನೇ ಕ್ಲಾಸಿಗೇ ನನಗೆ ಓದು ಸಾಕಾಗಿತ್ತು. ಸ್ವಿಚ್ಚನ್ನು ಹಾಗೇ ಬಿಟ್ಟು ಕೈ ಇಳಿಸಿದೆ.

ಅಕ್ಕ ನನ್ನನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅಪ್ಪನಿಗೆ, ದನಿಯೇ ಇಲ್ಲದೆ, ಬರೀ ತುಟಿ ಆಡಿಸಿ, "ಊಟಕ್ಕೆ ಬಾ," ಎಂದಳು.

"ಬಂದೆ, ನಡಿಯಮ್ಮ," ಎಂದ ಅಪ್ಪ.