ಒದ್ದೆ ಟವೆಲ್ಲಿನ ಹೇರ್‌ಪಿನ್

ಟವೆಲ್ ಹಿಂಡುತ್ತಿದ್ದವಳ ಬೆರಳಿಗೆ ಏನೋ ಚುಚ್ಚಿತು. ಬಿಡಿಸಿ ನೋಡಿದಳು. ಕಪ್ಪು ಹೇರ್‌ಪಿನ್.

ಟವೆಲ್ ಗಂಡನದು. ದಿನವೂ ನಸುಕಿನಲ್ಲಿ ಅಥ್ಲೆಟಿಕ್ ಕ್ಲಬ್ಬಿಗೆ ಅವನು ಹೊತ್ತೊಯ್ಯುವ ಚೀಲದಿಂದ ಬಂದದ್ದು. ಅವನ ತಲೆಯಲ್ಲಿ ಪಿನ್ ನಿಲ್ಲುವ ಮಾತಿರಲಿ, ಬಾಚಣಿಗೆಗೇ ಕೆಲಸ ತಪ್ಪಿ ವರ್ಷಗಳಾಗಿದ್ದವು.

ಮೊದಲಿನಿಂದಲೂ ಅವಳಿಗೆ ಒಂದಕ್ಕೊಂದು ತಾಳೆಯಾಗಿರಲಿಲ್ಲ. ಅವನು ಕ್ಲಬ್ಬು ಸೇರಿದಂದಿನಿಂದ ಅಂಗಿ ಹಿಂಡಿದರೆ ಬೆವರು ಇಳಿಯುತ್ತಿತ್ತು. ಹೊಟ್ಟೆ ಮಾತ್ರ ಇಳಿದಿರಲಿಲ್ಲ. ಶೂಗಳ ಅಟ್ಟೆ ಸವೆದಿತ್ತು, ಆದರೆ ಎರಡರ ತುದಿಯಲ್ಲೂ ಒಂದೊಂದು ಕಾಲುಚೀಲ ತುರುಕಿರುತ್ತಿತ್ತು. ಕೇಳಿದ್ದಕ್ಕೆ, ಶೂ ಆಕಾರ ಕೆಡಬಾರದಲ್ಲ ಎಂದಿದ್ದ. ನಂಬಿದ್ದಳು. ಈಗ ಈ ಪಿನ್ನು.

ಅಷ್ಟರಲ್ಲಿ ಫೋನು ರಿಂಗಾಯಿತು. ಕ್ಲಬ್ಬಿನ ಕಾರ್ಯದರ್ಶಿ. ಸಂಜೆ ಸದಸ್ಯರ ವಾರ್ಷಿಕ ಕೂಟ, ಪಂಜ ಕುಸ್ತಿಯ ಫೈನಲ್ ಅಲ್ಲೇ, ಮೊಬೈಲ್ ಎತ್ತುತ್ತಿಲ್ಲ, ನಿಮ್ಮ ಮನೆಯ ಚಾಂಪಿಯನ್‌ಗೆ ದಯವಿಟ್ಟು ನೆನಪಿಸಿ ಎಂದರು. "ಹೋದ ವಾರ ಪೊಲೀಸ್ ಇನ್‌ಸ್ಪೆಕ್ಟರ್ ಕೈಯನ್ನೇ ಮಡಚಿ ಹಾಕಿದ್ರಲ್ಲ, ಕ್ಲಬ್ಬೆಲ್ಲ ಅದೇ ಮಾತು."

ಅವಳು ಫೋನಿಟ್ಟು ಗೋಡೆ ನೋಡುತ್ತ ನಿಂತಳು. ನಿನ್ನೆ ತಾನೇ ಗಂಡ ಜಾಮ್ ಬಾಟಲಿಯ ಮುಚ್ಚಳದೊಂದಿಗೆ ಅರ್ಧ ಗಂಟೆ ಗುದ್ದಾಡಿ, ಕೊನೆಗೆ ಬ್ರೆಡ್ಡನ್ನು ಬರಿದೇ ತಿಂದು ಎದ್ದಿದ್ದ.

"ಅಮ್ಮಾ, ಒಂದು ಕೇಳ್ಲಾ?" ಪುಟ್ಟಿ ಚೆಂಡು ಪುಟಿಸುತ್ತ ಬಂದಳು.

"ಆಮೇಲೆ, ಪುಟ್ಟೀ." ತಟ್ಟನೆ ಅವಳ ಕಣ್ಣು ಚೆಂಡಿನ ಮೇಲೆ ಬಿತ್ತು. ನಿನ್ನೆ ಸಂಜೆ ಕಬ್ಬಿಣದ ಬೀರುವಿನಡಿ ಸೇರಿದ್ದ ಚೆಂಡು ಅದು. ಬೀರು ಕದಲಿಸಲು ಗಟ್ಟಿ ಆಳುಗಳೇ ಬೇಕು. "ಇದು ಹೇಗೆ ಈಚೆ ಬಂತು?"

ಪುಟ್ಟಿ ಬಾಯಿ ತೆರೆದಳು. ಒಳಗಿಂದ ಅಜ್ಜಿ ಬಿಸ್ಕತ್ತಿಗೆ ಕರೆದರು. ಪುಟ್ಟಿ ಓಡಿದಳು.

ಒದ್ದೆ ಬಟ್ಟೆಯ ಬಕೆಟ್ಟನ್ನು ಎಂದಿನಂತೆ ಅವಳೊಬ್ಬಳೇ ಮಹಡಿಗೆ ಹೊತ್ತಳು. ಅತ್ತೆಗೆ ಮಣಿಕಟ್ಟಿನ ನೋವು. ಬಕೆಟ್ ಎತ್ತಲಾಗದು, ಹಿಟ್ಟು ನಾದಲಾಗದು, ತುಂಬಿದ ಲೋಟ ಹಿಡಿದರೂ ಕೈ ನಡುಗುತ್ತಿತ್ತು. ದಿನವೂ ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ಮಗನೇ ಅವರನ್ನು ಮಾಲೀಷಿನ ಡಾಕ್ಟರ ಬಳಿ ಇಳಿಸಿ, ಬರುವಾಗ ಕರೆತರುತ್ತಿದ್ದ. ವಯಸ್ಸಾದ ಜೀವ, ಪಾಪ, ಎಂದುಕೊಂಡು ಅವಳು ಚಹಾವನ್ನೂ ಅರ್ಧರ್ಧ ಲೋಟವೇ ಕೊಡುತ್ತಿದ್ದಳು.

ಕೆಳಗಿಳಿದು ಪಿನ್ನನ್ನು ಅತ್ತೆಯ ಮುಂದಿಟ್ಟಳು. "ನಿಮ್ಮ ಮಗನ ಟವೆಲ್ಲಲ್ಲಿ ಸಿಕ್ತು, ಅತ್ತೆ."

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗಂಡಸರನ್ನ ನಂಬೋ ಕಾಲ ಅಲ್ಲಮ್ಮ ಇದು," ಎಂದು ನಿಟ್ಟುಸಿರಿಟ್ಟರು. "ಇರಲಿ, ಸಾಕ್ಷಿಗೆ ನನ್ನ ಹತ್ರಾನೇ ಇರಲಿ."

ಕಳೆದುಹೋಗದಿರಲೆಂದು ಅದನ್ನು ತಮ್ಮ ತುರುಬಿಗೇ ಸಿಕ್ಕಿಸಿಕೊಂಡರು.

ಸಂಜೆ ತಾನೂ ಕೂಟಕ್ಕೆ ಬರುವೆನೆಂದಾಗ ಗಂಡನಿಗೆ ನೀರು ನೆತ್ತಿಗೇರಿತು. ಅಲ್ಲೇನಿರುತ್ತೆ, ಬರೀ ಬೆವರು ವಾಸನೆ ಎಂದ. ಅವಳು ಸೀರೆ ಬದಲಾಯಿಸಿ, ಪುಟ್ಟಿಯ ತಲೆ ಬಾಚಿ, ಬಾಗಿಲಲ್ಲಿ ನಿಂತಳು. ಅತ್ತೆ ಆಗಲೇ ಗೆಳತಿಯ ಮನೆಗೆ ಹೊರಟುಹೋಗಿದ್ದರು. ಕೈ ನೋವು ಜಾಸ್ತಿಯಂತೆ, ಮಾತಾಡಿದರೆ ಹಗುರಾಗುತ್ತದಂತೆ.

ಕ್ಲಬ್ಬಿನ ಸಭಾಂಗಣದಲ್ಲಿ ಬಣ್ಣದ ಕಾಗದ ತೂಗುಬಿಟ್ಟಿದ್ದರು. ಹಲ್ಲಿನ ಡಾಕ್ಟರು, ವಕೀಲರು, ಬ್ಯಾಂಕ್ ಮ್ಯಾನೇಜರು ಎಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ಓಡಾಡುತ್ತಿದ್ದರು. ಮಾತಾಡಬೇಕಾದಾಗ ಮಾತ್ರ ಹೊಟ್ಟೆ ಹೊರಬರುತ್ತಿತ್ತು. ಬಟ್ಟೆ ಬದಲಾಯಿಸಿ ಬರುವೆನೆಂದು ಗಂಡ ಎತ್ತಲೋ ಮಾಯವಾದ. ಅವಳು ಹೆಂಗಸರ ಮುಖ ಬಿಟ್ಟು ತಲೆಗಳನ್ನು ನೋಡುತ್ತ ನಡೆದಳು. ಒಂದರದು ಬಾಬ್ ಕಟ್, ಇನ್ನೊಂದರದು ರಿಬ್ಬನ್. ಏರೋಬಿಕ್ಸ್ ಟೀಚರ್ ತಲೆಯ ತುಂಬ ಕಪ್ಪು ಪಿನ್ನು.

ಅವಳು ಹತ್ತಿರ ಹೋಗಿ ಗಂಡನ ಗುರುತು ಹೇಳಿ, ಗೊತ್ತೇ ಎಂದು ಮೆಲ್ಲನೆ ಕೇಳಿದಳು.

"ಗೊತ್ತಿಲ್ದೆ ಏನು? ದಿನಾ ನೋಡ್ತೀನಲ್ಲ," ಟೀಚರ್ ನಕ್ಕಳು. "ಮಲಗಿದಾಗ ಎಷ್ಟು ಮುದ್ದಾಗಿ ಗೊರಕೆ ಹೊಡೀತಾರೆ."

ಅವಳು ಗೋಡೆ ಹಿಡಿದುಕೊಂಡಳು. ಟೀಚರ್ ಏನೂ ಆಗದವಳಂತೆ ಓದುವ ಕೋಣೆಯತ್ತ ಬೆರಳು ತೋರಿಸಿದಳು. ಅಲ್ಲಿ ಸೋಫಾ ಮೇಲೆ ಮುಖಕ್ಕೆ ಪೇಪರ್ ಹೊದ್ದು ಗಂಡ ಆಗಲೇ ಗೊರಕೆ ಹೊಡೆಯುತ್ತಿದ್ದ. ಕ್ಲಬ್ಬಿನ ಮಾಣಿ ಕೇಳದೆಯೇ ದಿಂಬು ತಂದು ತಲೆಯಡಿ ಇಡುತ್ತಿದ್ದ. ಸೇರಿದ ದಿನದಿಂದಲೂ ಸಾರ್‌ಗೆ ಅದೇ ಜಾಗವಂತೆ. ಅವರು ಒಂದು ಯಂತ್ರವನ್ನೂ ಮುಟ್ಟಿದ್ದನ್ನು ಯಾರೂ ಕಂಡಿಲ್ಲವಂತೆ.

ಅವಳಿಗೆ ಎದೆಯ ಭಾರ ಇಳಿದು ನಗು ಬಂತು. ನಗು ಅರ್ಧಕ್ಕೇ ನಿಂತಿತು. ಹಾಗಾದರೆ ತಾನು ಇಷ್ಟು ದಿನ ಹಿಂಡಿದ್ದು ಯಾರ ಬೆವರು?

"ಅಮ್ಮಾ, ಈಗ ಕೇಳ್ಲಾ?"

"ಸ್ವಲ್ಪ ತಾಳು, ಪುಟ್ಟೀ."

ಸಭಾಂಗಣದಿಂದ ಮೇಜು ಮುರಿದಂಥ ಸದ್ದು, ಹಿಂದೆಯೇ ಚಪ್ಪಾಳೆ. ಬಾಕ್ಸಿಂಗ್ ಕೋಚ್ ತನ್ನ ಬಲಗೈಯನ್ನು ಎಡಗೈಯಲ್ಲಿ ಕೂಸಿನಂತೆ ಹಿಡಿದು ಗುಂಪಿನಿಂದ ಹೊರಬಿದ್ದ. ಕಾರ್ಯದರ್ಶಿ ಟ್ರೋಫಿಯನ್ನು ಎತ್ತಿ ಹಿಡಿದಿದ್ದರು. ಬೆನ್ನುಗಳ ಗೋಡೆಯಡಿ ಅವಳಿಗೆ ಕಂಡದ್ದು ಗೆದ್ದವರ ಶೂಗಳು ಮಾತ್ರ. ಸಡಿಲವಾಗಿ ಲಟಪಟ ಎನ್ನುತ್ತಿದ್ದ, ಅವಳೇ ತೊಳೆದಿಟ್ಟ ಗಂಡನ ಶೂಗಳು.

ಪುಟ್ಟಿ ಕೈ ಕೊಸರಿಕೊಂಡು ಕಾಲುಗಳ ನಡುವೆ ನುಸುಳಿದಳು. ಚಾಂಪಿಯನ್ ಎರಡು ಮಾತಾಡಲೆಂದು ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ, ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು:

"ಅಜ್ಜೀ, ಬಟ್ಟೆ ಬಕೆಟ್ ಎತ್ತೋಕೆ ಮಾತ್ರ ಯಾಕೆ ನಿಂಗೆ ಕೈ ನೋವು?"