ಒಂದು ಬಾಟಲಿಗೆ ಒಂದು ಅಧ್ಯಾಯ

“ಏನು ಆಮಿಷ ಕೊಡ್ತಿದೀರಿ? ನಿಜ ಹೇಳಿಬಿಡಿ ಸಿಸ್ಟರ್.”

ತನಿಖೆಗೆ ಬಂದಿದ್ದ ಅಧಿಕಾರಿ ಫೈಲನ್ನು ಮೇಜಿನ ಮೇಲೆ ಕುಕ್ಕಿದರು. ಬೇರೆ ರಕ್ತನಿಧಿಗಳಲ್ಲಿ ದಾನಿಗಳನ್ನು ಕೈಕಾಲು ಹಿಡಿದು ಕರೆತರಬೇಕು. ಈ ಪುಟ್ಟ ಕೇಂದ್ರದಲ್ಲಿ ಬೆಳಗ್ಗೆ ಒಂಬತ್ತಕ್ಕೇ ಸಾಲು. ಆಸೆ ತೋರಿಸಿ ಕರೆಸಿದ್ದು ಸಾಬೀತಾದರೆ ಕೇಂದ್ರಕ್ಕೆ ಬೀಗ, ನರ್ಸಿನ ಕೆಲಸಕ್ಕೂ ಸಂಚಕಾರ.

“ಬಿಸ್ಕತ್ತು, ಹಣ್ಣಿನ ರಸ. ಆಮೇಲೆ ಹತ್ತು ನಿಮಿಷ ಸುಧಾರಿಸ್ಕೊಳ್ಳುವಾಗ ಓದೋಕೆ ಒಂದು ಕಾದಂಬರಿ,” ಎಂದಳು ನರ್ಸು, ಬೆರಳಿನ ಶಾಯಿಯ ಕಲೆಯನ್ನು ಉಜ್ಜಿಕೊಳ್ಳುತ್ತ. “ಒಂದು ಸಲಕ್ಕೆ ಒಂದೇ ಅಧ್ಯಾಯ. ಮುಂದಿನ ಸಲ ರಕ್ತ ಕೊಡೋಕೆ ಮೂರು ತಿಂಗಳು ಕಾಯಬೇಕಲ್ಲ, ಮುಂದಿನ ಅಧ್ಯಾಯಕ್ಕೂ ಅಷ್ಟೇ.”

ಟೈಪು ಮಾಡಿ ದಾರದಲ್ಲಿ ಹೊಲಿದ ಬಿಡಿ ಅಧ್ಯಾಯಗಳು. ಬರೆದವರ ಹೆಸರಿಲ್ಲ. ಇನ್ನೂರು ವರ್ಷ ನಗರದ ಜನರ ರಕ್ತ ಹೀರಿದ ರಕ್ತಪಿಶಾಚಿಯೊಬ್ಬನಿಗೆ ಒಂದು ದಿನ ನಾಚಿಕೆಯಾಗುತ್ತದೆ. ಕುಡಿದದ್ದನ್ನೆಲ್ಲ ಹೇಗೆ ಹಿಂದಿರುಗಿಸಲಿ ಎಂದು ಪರದಾಡುತ್ತಾನೆ.

ಪಕ್ಕದಲ್ಲೇ ಓದುಗರ ಅಭಿಪ್ರಾಯದ ಪುಸ್ತಕ. ಸಾಕ್ಷಿ ಸಿಕ್ಕಿತೆಂದು ಅಧಿಕಾರಿ ಅದನ್ನು ಎಳೆದುಕೊಂಡರು.

ಬಸ್ ಚಾಲಕನೊಬ್ಬ ಬರೆದಿದ್ದ: ‘ಪಾಪ, ಊರೆಲ್ಲ ನಡೆದೇ ಸುತ್ತುತ್ತಾನೆ. ಬಸ್ಸು ಹತ್ತಬಾರದಾ?’ ಮೂರು ತಿಂಗಳ ನಂತರ ಅದೇ ಕೈಬರಹ: ‘ಹತ್ತಿದ, ಸಂತೋಷ. ಟಿಕೆಟ್ ತಗೊಳ್ಳಲಿಲ್ಲ, ಅದು ತಪ್ಪು.’

ಒಬ್ಬ ಗೃಹಿಣಿಯ ತಕರಾರು: ‘ಒಂದೇ ವಾರದಲ್ಲಿ ಬುದ್ಧಿ ಬಂತು ಅಂದರೆ ನಂಬಲಾರೆ. ನಮ್ಮ ಯಜಮಾನರಿಗೆ ಮೂವತ್ತು ವರ್ಷ ಹಿಡಿಯಿತು.’

ಅಧಿಕಾರಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡರು.

“ಬರೆದವರು ಯಾರು?”

“ಕೊಟ್ಟವರ ಹೆಸರು ನಾವು ಹೇಳೋದಿಲ್ಲ ಸರ್. ರಕ್ತಕ್ಕೂ ಅದೇ ನಿಯಮ, ಪುಸ್ತಕಕ್ಕೂ ಅದೇ.”

“ನಾನು ಓದಿ ನೋಡಬೇಕಲ್ಲ?”

“ಹಾಗಾದ್ರೆ ಅಂಗಿ ತೋಳು ಮಡಚಿ ಸರ್.”

ಸೂಜಿ ಕಂಡರೆ ಜೀವ ಬಾಯಿಗೆ ಬರುವ ಮನುಷ್ಯ. ಆದರೂ ತನಿಖೆ ಎಂದ ಮೇಲೆ ತನಿಖೆಯೇ ಎಂದು ಹಲ್ಲು ಕಚ್ಚಿ ಮಲಗಿದರು.

ಹತ್ತು ನಿಮಿಷವಾದರೂ ಹಣ್ಣಿನ ರಸ ಮುಟ್ಟಿರಲಿಲ್ಲ. ಮೊದಲ ಅಧ್ಯಾಯ ಮುಗಿದಿತ್ತು.

“ಆಮೇಲೆ ಏನಾಯ್ತು?”

“ಆಮೇಲಿಂದು ಮೂರು ತಿಂಗಳ ಮೇಲೆ ಸರ್.”

ವರದಿಯಲ್ಲಿ ‘ಯಾವುದೇ ಆಮಿಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದರು. ಅಭಿಪ್ರಾಯದ ಪುಸ್ತಕದಲ್ಲಿ ಮಾತ್ರ ದಾಕ್ಷಿಣ್ಯ ತೋರಲಿಲ್ಲ: ‘ಇನ್ನೂರು ವರ್ಷ ಇದೇ ನಗರದಲ್ಲಿದ್ದಾನೆ, ಒಬ್ಬ ಅಧಿಕಾರಿಯೂ ಇವನ ಕಾಗದಪತ್ರ ಕೇಳಿಲ್ಲ. ನಂಬುವ ಹಾಗಿಲ್ಲ.’ ಹೊರಡುವ ಮುಂಚೆ ಮುಂದಿನ ತಾರೀಖು ಕೇಳಿ ಬರೆದುಕೊಂಡರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನರ್ಸು ಬಾಗಿಲು ಮುಂದೆ ಮಾಡಿ, ನಿರಾಳವಾಗಿ ಉಸಿರುಬಿಟ್ಟಳು. ಅಧಿಕಾರಿಯ ಅಭಿಪ್ರಾಯವನ್ನು ಎರಡು ಸಲ ಓದಿ ಕಿಸಕ್ಕನೆ ನಕ್ಕಳು. ಆಮೇಲೆ ಔಷಧಿಯ ಬೀರುವಿನಿಂದ ಕರಡು ಬರೆಯಲು ಬಿಳಿ ಹಾಳೆ ತೆಗೆದು, ಶಾಯಿ ಪೆನ್ನಿನ ಮುಚ್ಚಳ ಬಿಚ್ಚಿದಳು.

‘ಅಧ್ಯಾಯ ಒಂಬತ್ತು,’ ಎಂದು ಬರೆದಳು. ‘ಸೂಜಿಗೆ ಹೆದರುವ ಅಧಿಕಾರಿಯೊಬ್ಬ ಫೈಲು ಹಿಡಿದು ಬಂದು ರಕ್ತಪಿಶಾಚಿಯ ಬಾಗಿಲು ತಟ್ಟಿದ.’